ಸಾಮರ್ಲಕೋಟದ ಚಿತ್ರಕಾರರು

ಅಂಗಳದ ಮರ ಹೂಬಿಟ್ಟೊಡನೆ ಅದರ ಛಾಯಾಚಿತ್ರವನ್ನು ತೆಗೆದು ಹೆಸರನ್ನು ಅರಸುವ ಇಂದಿನ ಅಭ್ಯಾಸಕ್ಕೆ ತೆಲುಗು ಕರಾವಳಿಯಲ್ಲಿ ಒಂದು ಪೂರ್ವಚರಿತ್ರೆಯುಂಟು. ಅದರ ಮುಖ್ಯ ಅಧ್ಯಾಯ ನಡೆದದ್ದು ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೋಗುವ ರೈಲುದಾರಿಯಲ್ಲಿ, ಕಾಕಿನಾಡದ ಸಮೀಪ ಸಿಗುವ ಸಾಮರ್ಲಕೋಟದಲ್ಲಿ.

1785ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ಕೋನಿಗ್ ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದ ಪ್ಯಾಟ್ರಿಕ್ ರಸೆಲ್, ವಿಶಾಖಪಟ್ಟಣದ ಮೀನುಗಳನ್ನೂ ಈ ತೀರದ ಹಾವುಗಳನ್ನೂ ವರ್ಣಿಸಿದವನೇ ಆದರೂ, ಇಲ್ಲಿನ ಉಪಯುಕ್ತ ಸಸ್ಯಗಳ ಸಚಿತ್ರ ಗ್ರಂಥವೊಂದು ಬರಬೇಕೆಂದು ಕಂಪನಿಗೆ ಸೂಚಿಸಿದನು. ಆ ಸೂಚನೆಯನ್ನು ಕಾರ್ಯಗತ ಮಾಡಿದವನು 1781ರಿಂದ ಸಾಮರ್ಲಕೋಟದಲ್ಲಿ ನೆಲೆಸಿ, ಮೆಣಸಿನ ತೋಟವನ್ನು ಬೆಳೆಸುತ್ತಿದ್ದ ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ರಾಕ್ಸ್‌ಬರ್ಗ್. ದೇಶೀಯ ಚಿತ್ರಕಾರರನ್ನು ನೇಮಿಸಿಕೊಂಡು ಆತನು ಬರೆಯಿಸಿದ ಚಿತ್ರಗಳಿಂದ ಆಯ್ದ 300 ಫಲಕಗಳು, 1795ರಿಂದ 1820ರವರೆಗೆ ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ತೆಲುಗರು ಗಿಡವನ್ನು ಕರೆಯುವ ಹೆಸರನ್ನೂ ಅದರ ಪ್ರಯೋಜನವನ್ನೂ ಗುರುತಿಸಿಟ್ಟದ್ದು ಆ ಗ್ರಂಥದ ದೊಡ್ಡ ಗುಣ.

ಅದರಲ್ಲಿ ಮುತ್ತುಗವಿದೆ. ಊಟದೆಲೆಗಾಗಿ ನಾವು ಬಲ್ಲ ಈ ಮರ, ತೆಲುಗರ ಮೋದುಗ, ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಕೊಂಬೆಯ ಮೇಲೆಯೇ ಕೆಂಡದ ಬಣ್ಣದ ಹೂಗಳನ್ನು ತಳೆಯುತ್ತದೆ. ಕಪ್ಪು ಮಖಮಲ್ಲಿನಂತಹ ಪುಷ್ಪಪಾತ್ರೆ, ಹಿಂದಕ್ಕೆ ಬಾಗಿದ ಧ್ವಜದಳ, ಗಿಣಿಯ ಕೊಕ್ಕಿನಂತೆ ಡೊಂಕಾದ ಕೆಳದಳ, ಮೇಲೆಲ್ಲ ಬೆಳ್ಳಿಯ ನವಿರು. ಮೂರೆಲೆಗಳ ಗುಚ್ಛವು ಚಿಗುರಿ ಬಲಿಯುವ ಹೊತ್ತಿಗೆ ಹೂವು ಮುಗಿದಿರುವುದರಿಂದ, ಮರವನ್ನು ಪೂರ್ಣವಾಗಿ ಚಿತ್ರಿಸಬೇಕೆನ್ನುವವನು ಹೂವಿಗೊಮ್ಮೆ, ಎಲೆಗೊಮ್ಮೆ, ಒಂದೇ ಬೀಜದ ಚಪ್ಪಟೆ ಕಾಯಿಗೆ ಮತ್ತೊಮ್ಮೆ ಅದರ ಬಳಿಗೆ ಹೋಗಲೇಬೇಕು. ಕ್ಯಾಮೆರಾ ಹಿಡಿದವನಿಗೂ ಈ ನಿಯಮ ತಪ್ಪಿದ್ದಲ್ಲ. ಹೂವೊಂದನ್ನೇ ತೆಗೆದು ಮರವನ್ನು ಗುರುತಿಸಹೊರಟರೆ ಎಡವುವುದೇ ಹೆಚ್ಚು.

ಇಂತಹ ಗುರುತು ಪಂಡಿತರ ಸೊತ್ತೇನೂ ಆಗಿರಲಿಲ್ಲ. ವಿಜಯವಾಡದ ಬಳಿಯ ಕೊಂಡಪಲ್ಲಿಯ ಬೊಂಬೆಗಾರರು, ಬೊಂಬೆಗೆ ಬೇಕಾದ ಹಗುರ ಮರವಾದ ಪೊನಿಕಿಯನ್ನು ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲರು.

ರಾಕ್ಸ್‌ಬರ್ಗನ 2500ಕ್ಕೂ ಮಿಕ್ಕ ಚಿತ್ರಗಳ ಪ್ರತಿಗಳು ಕಲ್ಕತ್ತೆಯಲ್ಲಿಯೂ ಲಂಡನ್ನಿನ ಕ್ಯೂ ಉದ್ಯಾನದಲ್ಲಿಯೂ ಉಳಿದಿವೆ. ಅವನು ಮೊದಲು ವರ್ಣಿಸಿದ ಸಸ್ಯಗಳ ಶಾಸ್ತ್ರೀಯ ನಾಮದ ಬೆನ್ನಿಗೆ ಅವನ ಹೆಸರೂ ನಿಂತಿದೆ. ಎಸಳನ್ನು ಬಿಡಿಸಿಟ್ಟು ಕೇಸರವನ್ನು ಎಣಿಸಿ ಬರೆದ ಕೈಗಳ ಹೆಸರು ಗ್ರಂಥದಲ್ಲಿ ಇಲ್ಲದಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ, ಏಕೆಂದರೆ ವರ್ಣನೆಯ ಭಾಷೆ ಬಾರದವನಿಗೂ ಮರವನ್ನು ತೋರಿಸಿಕೊಟ್ಟವರು ಅವರೇ.

1793ರಲ್ಲಿ ರಾಕ್ಸ್‌ಬರ್ಗ್ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತೆರಳಲು, ಸಾಮರ್ಲಕೋಟದ ತೋಟವು ಸಸ್ಯವಿಜ್ಞಾನಿ ಬೆಂಜಮಿನ್ ಹೇನೆಯ ಪಾಲಿಗೆ ಬಂದಿತು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಬಂದು ಬೆಂಗಳೂರಿನ ಲಾಲ್‌ಬಾಗನ್ನು ಕಂಪನಿಯ ಸಸ್ಯೋದ್ಯಾನವಾಗಿ ವಹಿಸಿಕೊಂಡವನೂ ಅವನೇ. ಮುಂದೆ ಜಾನ್ ಕ್ಯಾಮರಾನನ ಆಡಳಿತದಲ್ಲಿ ಲಾಲ್‌ಬಾಗಿನ ಸಸ್ಯಗಳನ್ನು ಬರೆದ ಚಿತ್ರಕಾರ ಚೆಲುವಯ್ಯರಾಜು ಎಂಬುದಾದರೂ ನಮಗೆ ಗೊತ್ತು.