ಆಸ್ಪತ್ರೆ ಸಿಬ್ಬಂದಿಯ ಕೈ ಇಸುಬು

ದಾದಿಯರು, ವೈದ್ಯರು, ಲ್ಯಾಬ್ ತಂತ್ರಜ್ಞರು, ಆಯಾಗಳು, ನೆಲ ಒರೆಸುವವರು, ಹೀಗೆ ಆಸ್ಪತ್ರೆಯಲ್ಲಿ ದುಡಿಯುವವರಿಗೆ ಕೆಲಸದ ಕಾರಣದಿಂದಲೇ ಕೈಗಳಲ್ಲಿ ಹುಟ್ಟುವ ಅಥವಾ ಉಲ್ಬಣಿಸುವ ಚರ್ಮದ ಉರಿಯೂತ. ಕೈ ಎಸ್ಜಿಮಾ ಎಂದೂ ಕರೆಯುತ್ತಾರೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಬೆರಳ ಸಂದು, ಉಂಗುರದ ಅಡಿ, ಅಂದರೆ ತೊಳೆದ ಮೇಲೂ ಸೋಪಿನ ಅಂಶ ಉಳಿದುಬಿಡುವ ಜಾಗಗಳಲ್ಲಿ ಚರ್ಮ ಒಣಗಿ ಒರಟಾಗುವುದು ಸಾಮಾನ್ಯವಾಗಿ ಮೊದಲ ಲಕ್ಷಣ. ಆಮೇಲೆ ಕೆಂಪಾಗಿ ತುರಿಸುತ್ತದೆ, ಹೊಟ್ಟು ಏಳುತ್ತದೆ, ಗೆಣ್ಣುಗಳ ಮೇಲೆ ಬಿರುಕು ಬಿಡುತ್ತದೆ. ಕೆಲವರಿಗೆ ಬೆರಳ ಬದಿಗಳಲ್ಲಿ ಸಬ್ಬಕ್ಕಿ ಕಾಳಿನಂಥ ನೀರ್ಗುಳ್ಳೆಗಳೂ ಏಳುತ್ತವೆ. ಸಾಮಾನ್ಯ ಜನರಲ್ಲಿ ವರ್ಷವೊಂದರಲ್ಲಿ ಕೈ ಇಸುಬು ಕಾಣಿಸಿಕೊಳ್ಳುವುದು ಸುಮಾರು 100ಕ್ಕೆ 9–10 ಮಂದಿಗೆ. ಡೆನ್ಮಾರ್ಕ್‌ನ ಆಸ್ಪತ್ರೆ ನೌಕರರ ಸಮೀಕ್ಷೆಗಳಲ್ಲಿ ಈ ಪ್ರಮಾಣ 100ಕ್ಕೆ 20 ದಾಟಿದೆ.

ಮುಖ್ಯ ಕಾರಣ ನೀರು ಮತ್ತು ಸೋಪು. ಚರ್ಮದ ತೀರ ಹೊರಗಿನ ಪದರದ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಅವುಗಳ ನಡುವಿನ ಜಿಡ್ಡು. ಸೋಪು ಕೈಯ ಕೊಳೆಯ ಜೊತೆ ಈ ಜಿಡ್ಡನ್ನೂ ಕರಗಿಸಿ ಒಯ್ಯುತ್ತದೆ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5; ಸಾಮಾನ್ಯ ಸೋಪಿನದು 9–10. ಒಮ್ಮೆ ತೊಳೆದರೆ ಚರ್ಮ ತಾನಾಗಿ ಸುಧಾರಿಸಿಕೊಳ್ಳುತ್ತದೆ. ಆದರೆ ಸುಧಾರಿಸಿಕೊಳ್ಳುವ ಮೊದಲೇ ಮತ್ತೆ ಮತ್ತೆ ತೊಳೆದರೆ ತಡೆಗೋಡೆ ಕುಸಿದು ಉರಿಯೂತ ಶುರುವಾಗುತ್ತದೆ. ದಿನಕ್ಕೆ 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿರುವುದನ್ನು ಅಥವಾ ಪದೇ ಪದೇ ಕೈ ತೊಳೆಯುವುದನ್ನು ಜರ್ಮನಿಯ ಕಾರ್ಮಿಕ ಸುರಕ್ಷತಾ ನಿಯಮಗಳು ‘ಒದ್ದೆ ಕೆಲಸ’ ಎಂದು ಗುರುತಿಸುತ್ತವೆ. ಐಸಿಯು ದಾದಿಯೊಬ್ಬರು ಈ ಮಿತಿಯನ್ನು ಪಾಳಿ ಮುಗಿಯುವ ಎಷ್ಟೋ ಮೊದಲೇ ದಾಟಿರುತ್ತಾರೆ. ಚಿಕ್ಕಂದಿನಲ್ಲಿ ಅಲರ್ಜಿಯ ಇಸುಬು ಇದ್ದವರಿಗೆ ಅಪಾಯ ಹೆಚ್ಚು. ಚರ್ಮದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷಕ್ಕೂ ಆ ಇಸುಬಿಗೂ ನಂಟಿದೆ ಎಂಬುದು 2006ರಲ್ಲಿ ಸ್ಪಷ್ಟವಾಯಿತು.

ಸ್ಯಾನಿಟೈಸರಿನಿಂದಲೇ ಕೈ ಹಾಳಾಯಿತು ಎಂಬ ಮಾತು ವಾರ್ಡುಗಳಲ್ಲಿ ಸಾಮಾನ್ಯ. ಅದು ಬಹುಮಟ್ಟಿಗೆ ತಪ್ಪು. ಬಿರುಕು ಬಿಟ್ಟ ಚರ್ಮಕ್ಕೆ ಆಲ್ಕೋಹಾಲ್ ತಗುಲಿದಾಗ ಚುರುಚುರು ಉರಿಯುತ್ತದೆ, ನಿಜ. ಆದರೆ ಬಿರುಕು ಬಿಡಿಸಿದ್ದು ಸೋಪು. ಉರಿಗೆ ಹೆದರಿ ಸ್ಯಾನಿಟೈಸರ್ ಬಿಟ್ಟು ಮತ್ತೆ ಸಿಂಕಿಗೇ ಹೋಗುವವರ ಕೈ ಇನ್ನಷ್ಟು ಕೆಡುತ್ತದೆ. ಆಲ್ಕೋಹಾಲ್ ಚರ್ಮದ ಜಿಡ್ಡನ್ನು ಸೋಪಿನಷ್ಟು ತೊಳೆದು ಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ನೈರ್ಮಲ್ಯ ಮಾರ್ಗಸೂಚಿಯಲ್ಲಿರುವ ಸ್ಯಾನಿಟೈಸರ್ ಸೂತ್ರದಲ್ಲಿ ಶೇ. 80 ಎಥನಾಲ್ ಜೊತೆಗೆ ಶೇ. 1.45 ಗ್ಲಿಸರಾಲ್ ಕೂಡ ಇದೆ. ಅದು ಇರುವುದು ಕೈ ಒಣಗದಿರಲೆಂದೇ. ಕೈಗೆ ಕಣ್ಣಿಗೆ ಕಾಣುವ ಕೊಳೆ ಅಂಟಿದಾಗ, ಆಲ್ಕೋಹಾಲಿಗೆ ಬಗ್ಗದ ಸಿ. ಡಿಫಿಸಿಲ್‌ನಂಥ ಸೋಂಕಿರುವ ರೋಗಿಯನ್ನು ನೋಡಿಕೊಂಡಾಗ ಸೋಪು–ನೀರೇ ಬೇಕು. ತೊಳೆದ ಕೂಡಲೇ ಸ್ಯಾನಿಟೈಸರನ್ನೂ ಹಚ್ಚಿಕೊಳ್ಳುವ ರೂಢಿಯಿಂದ ಚರ್ಮಕ್ಕೆ ಎರಡು ಪಟ್ಟು ಪೆಟ್ಟೇ ಹೊರತು ಲಾಭವಿಲ್ಲ.

ಇನ್ನೊಂದು ಕಾರಣ ಗ್ಲೌಸ್. ಇದರ ಚರಿತ್ರೆಯೇ ವಿಚಿತ್ರ, ಏಕೆಂದರೆ ಶಸ್ತ್ರಚಿಕಿತ್ಸೆಯ ಕೊಠಡಿಗೆ ರಬ್ಬರ್ ಗ್ಲೌಸ್ ಬಂದದ್ದೇ ಒಬ್ಬ ದಾದಿಯ ಕೈ ಇಸುಬಿನಿಂದ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 1889–90ರ ಚಳಿಗಾಲದಲ್ಲಿ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್‌ರ ಕೊಠಡಿಯ ಉಸ್ತುವಾರಿ ಹೊತ್ತಿದ್ದವರು ಕ್ಯಾರೊಲಿನ್ ಹ್ಯಾಂಪ್ಟನ್. ಆಗ ಕ್ರಿಮಿನಾಶಕವಾಗಿ ಬಳಸುತ್ತಿದ್ದ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಿಂದ ಅವರ ಕೈ, ತೋಳುಗಳಲ್ಲಿ ಉರಿಯೂತ ಎದ್ದಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳ್ಳಗಿನ ಗ್ಲೌಸ್ ಮಾಡಿಸಿದರು. ಇಬ್ಬರೂ 1890ರಲ್ಲಿ ಮದುವೆಯಾದರು. ರೋಗಿಗೂ ಇದರಿಂದ ರಕ್ಷಣೆ ಉಂಟೆಂದು ತಿಳಿಯಲು ಇನ್ನೂ ಕೆಲವು ವರ್ಷ ಬೇಕಾದವು: ಗ್ಲೌಸ್ ಧರಿಸಿ ಮಾಡಿದ ಹರ್ನಿಯಾ ಶಸ್ತ್ರಚಿಕಿತ್ಸೆಗಳಲ್ಲಿ ಸೋಂಕು ಇಳಿದದ್ದನ್ನು ಅದೇ ಆಸ್ಪತ್ರೆಯ ಜೋಸೆಫ್ ಬ್ಲಡ್‌ಗುಡ್ 1899ರಲ್ಲಿ ವರದಿ ಮಾಡಿದರು.

ಮುಂದೆ ಈ ಮದ್ದೇ ಕಾಯಿಲೆಯಾಯಿತು. ಏಡ್ಸ್ ಭೀತಿಯ ಕಾಲದಲ್ಲಿ, 1987ರಲ್ಲಿ, ಪ್ರತಿ ರೋಗಿಯ ರಕ್ತವನ್ನೂ ಸೋಂಕಿನದೆಂದೇ ಭಾವಿಸಿ ಎಚ್ಚರ ವಹಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೂಚಿಸಿದ ಮೇಲೆ ಲ್ಯಾಟೆಕ್ಸ್ ಗ್ಲೌಸಿನ ಬಳಕೆ ವಿಪರೀತ ಏರಿತು. ಲ್ಯಾಟೆಕ್ಸ್ ಎಂದರೆ ನಮ್ಮ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲೂ ಟ್ಯಾಪಿಂಗ್ ಮಾಡುವ ರಬ್ಬರ್ ಮರದ ಹಾಲು. ಅದರಲ್ಲಿ ಉಳಿಯುವ ಪ್ರೋಟೀನುಗಳು ಕೆಲವರಲ್ಲಿ ನಿಮಿಷಗಳಲ್ಲೇ ದದ್ದು, ಸೀನು, ಉಬ್ಬಸ, ಅಪರೂಪಕ್ಕೆ ಪ್ರಾಣಾಪಾಯ ತರುತ್ತವೆ. ಇಂಥವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ಕೂಡ ಒಗ್ಗದಿರಬಹುದು. ಗ್ಲೌಸ್ ಸಲೀಸಾಗಿ ಏರಲೆಂದು ಹಾಕುತ್ತಿದ್ದ ಮೆಕ್ಕೆಜೋಳದ ಪಿಷ್ಟದ ಪುಡಿ ಈ ಪ್ರೋಟೀನನ್ನು ಹೊತ್ತು ಗಾಳಿಗೆ ಬಿಡುತ್ತಿತ್ತು. ಜರ್ಮನಿ 1990ರ ದಶಕದ ಕೊನೆಯಲ್ಲಿ ಪುಡಿ ಹಾಕಿದ ಲ್ಯಾಟೆಕ್ಸ್ ಗ್ಲೌಸನ್ನು ಕೈಬಿಟ್ಟಿತು, ಹೊಸ ಅಲರ್ಜಿ ಪ್ರಕರಣಗಳು ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿದವು. ಅಮೆರಿಕದಲ್ಲಿ ನಿಷೇಧ ಜಾರಿಯಾದದ್ದು 2017ರ ಜನವರಿಯಲ್ಲಿ.

ಇಸುಬಿನ ಮಟ್ಟಿಗೆ ಪ್ರೋಟೀನಿಗಿಂತ ಹೆಚ್ಚು ಕಾಡುವುದು ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ವೇಗವರ್ಧಕ ರಾಸಾಯನಿಕಗಳು: ಥೈಯುರಾಂ, ಕಾರ್ಬಮೇಟ್, ಡೈಫಿನೈಲ್‌ಗ್ವಾನಿಡಿನ್ ಮೊದಲಾದವು. ಇವುಗಳ ಅಲರ್ಜಿ ತಕ್ಷಣ ಕಾಣಿಸದು; ಒಂದೆರಡು ದಿನ ಬಿಟ್ಟು ಮುಂಗೈ ಮೇಲೆ, ಗ್ಲೌಸಿನ ಅಂಚು ಮುಗಿಯುವ ಮಣಿಕಟ್ಟಿನಲ್ಲಿ ಗೆರೆ ಎಳೆದಂತೆ ತುರಿಕೆ ಏಳುತ್ತದೆ. ಲ್ಯಾಟೆಕ್ಸ್ ಬಿಟ್ಟು ನೈಟ್ರೈಲ್‌ಗೆ ಬದಲಾಯಿಸಿದರೂ ಗುಣವಾಗದವರು ಇರುವುದು ಈ ಕಾರಣಕ್ಕೇ, ನೈಟ್ರೈಲ್‌ನಲ್ಲೂ ಇವೇ ರಾಸಾಯನಿಕಗಳಿರುತ್ತವೆ. ಅಂಥವರಿಗೆ ವೇಗವರ್ಧಕವಿಲ್ಲದ ಗ್ಲೌಸೇ ಆಗಬೇಕು. ಮೂಳೆ ಶಸ್ತ್ರಚಿಕಿತ್ಸಕರು ಮತ್ತು ದಂತವೈದ್ಯರ ಸಂಗತಿ ಬೇರೆ: ಮೂಳೆ ಸಿಮೆಂಟು ಮತ್ತು ಹಲ್ಲು ತುಂಬುವ ಅಂಟುಗಳಲ್ಲಿರುವ ಅಕ್ರಿಲೇಟುಗಳು ತೆಳು ಗ್ಲೌಸನ್ನು ಕೆಲವೇ ನಿಮಿಷಗಳಲ್ಲಿ ದಾಟಿ ಬೆರಳ ತುದಿಗೆ ತಲುಪುತ್ತವೆ. ಎಂಡೋಸ್ಕೋಪಿ ಉಪಕರಣ ತೊಳೆಯುವವರಿಗೆ ಗ್ಲುಟರಾಲ್ಡಿಹೈಡ್, ನೆಲ ಒರೆಸುವವರಿಗೆ ಬ್ಲೀಚಿಂಗ್ ದ್ರಾವಣ ಮತ್ತು ಫಿನೈಲ್ ಕಾಟ ಕೊಡುತ್ತವೆ.

ರಜೆಯಲ್ಲಿ ಕೈ ಸುಧಾರಿಸಿ ಡ್ಯೂಟಿಗೆ ಬಂದೊಡನೆ ಕೆರಳಿದರೆ ಕೆಲಸದ ಮೇಲೆ ಅನುಮಾನ ಪಡಬೇಕು. ಅಲರ್ಜಿಯ ಪತ್ತೆಗೆ ಪ್ಯಾಚ್ ಟೆಸ್ಟ್ ಮಾಡುತ್ತಾರೆ. 1895ರಲ್ಲಿ ಇದನ್ನು ಪರಿಚಯಿಸಿದವರು ಬ್ರೆಸ್ಲಾವ್‌ನ ಚರ್ಮವೈದ್ಯ ಯೋಸೆಫ್ ಯಾಡಸ್ಸೋನ್. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಯ ನಂತರ ತೆಗೆದು, ಇನ್ನೂ ಒಂದೆರಡು ಬಾರಿ ನೋಡಿ ನಿರ್ಧರಿಸುತ್ತಾರೆ. ಲ್ಯಾಟೆಕ್ಸ್ ಪ್ರೋಟೀನಿನ ತಕ್ಷಣದ ಅಲರ್ಜಿ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಚುಚ್ಚು ಪರೀಕ್ಷೆ ಅಥವಾ ರಕ್ತಪರೀಕ್ಷೆ ಬೇಕು. ಭಾರತದಲ್ಲಿ ಕಾಂಗ್ರೆಸ್ ಗಿಡಕ್ಕೆ ಪ್ಯಾಚ್ ಟೆಸ್ಟ್ ಪಾಸಿಟಿವ್ ಬರುವವರು ಬಹಳ. ಅದೇ ಕೈ ಇಸುಬಿಗೆ ಕಾರಣವೆಂದು ಅವಸರದಲ್ಲಿ ತೀರ್ಮಾನಿಸಬಾರದು. ಒಂದೇ ಕೈಯಲ್ಲಿ ಹೊಟ್ಟೆದ್ದಿದ್ದರೆ ಶಿಲೀಂಧ್ರ ಸೋಂಕೇ ಎಂದು ನೋಡಬೇಕು. ರೋಗಿಯಿಂದ ಸಿಬ್ಬಂದಿಗೆ ಹತ್ತುವ ಕಜ್ಜಿಯೂ ಬೆರಳ ಸಂದಿನಲ್ಲೇ ಶುರುವಾಗುತ್ತದೆ.

ಮನೆಯ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ರೋಗವೃತ್ತಾಂತ ಅರ್ಧಂಬರ್ಧ. ಪಾಳಿ ಮುಗಿಸಿ ಹೋದ ದಾದಿ ಪಾತ್ರೆ ತೊಳೆಯುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಬೆಳ್ಳುಳ್ಳಿ ಸುಲಿಯುತ್ತಾಳೆ. ಬೆಳ್ಳುಳ್ಳಿ ಹಿಡಿಯುವ ಕೈಯ ಬೆರಳ ತುದಿಗಳಷ್ಟೇ ಒಡೆಯುವ ಇಸುಬು ಚರ್ಮವೈದ್ಯರಿಗೆ ಚಿರಪರಿಚಿತ. ಚರ್ಮಕ್ಕೆ ಎರಡು ಡ್ಯೂಟಿಗಳ ವ್ಯತ್ಯಾಸ ತಿಳಿಯದು.

ಚಿಕಿತ್ಸೆಯ ಬುನಾದಿ ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಧಾರಾಳವಾಗಿ, ದಿನಕ್ಕೆ ಹಲವು ಸಲ. ಉರಿಯೂತ ಹೆಚ್ಚಿದ್ದರೆ ವೈದ್ಯರ ಸೂಚನೆಯ ಮೇರೆಗೆ ಸ್ಟಿರಾಯ್ಡ್ ಮುಲಾಮು ಅಥವಾ ಟ್ಯಾಕ್ರೊಲಿಮಸ್. ಹಟಮಾರಿ ಪ್ರಕರಣಗಳಿಗೆ ನೇರಳಾತೀತ ಬೆಳಕಿನ ಚಿಕಿತ್ಸೆ. ಯುರೋಪಿನಲ್ಲಿ 2008ರಿಂದ ಬಳಕೆಯಲ್ಲಿರುವ ಅಲಿಟ್ರೆಟಿನಾಯಿನ್ ಮಾತ್ರೆ ಭ್ರೂಣಕ್ಕೆ ಗಂಭೀರ ಹಾನಿ ಮಾಡಬಲ್ಲದು, ಆದ್ದರಿಂದ ಮಹಿಳೆಯರೇ ಹೆಚ್ಚಿರುವ ಈ ವೃತ್ತಿಯಲ್ಲಿ ಅದರ ಉಪಯೋಗಕ್ಕೆ ಮಿತಿಯಿದೆ. ಡೆಲ್ಗೊಸಿಟಿನಿಬ್ ಮುಲಾಮಿಗೆ ಯುರೋಪು 2024ರಲ್ಲಿ, ಅಮೆರಿಕ 2025ರಲ್ಲಿ ಒಪ್ಪಿಗೆ ಕೊಟ್ಟವು. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಸ್ಟಿರಾಯ್ಡ್ ಮತ್ತು ಶಿಲೀಂಧ್ರನಾಶಕ ಬೆರೆಸಿದ ಟ್ಯೂಬುಗಳಿಂದ ರೋಗದ ಚಹರೆ ಬದಲಾಗಿ ಪತ್ತೆಯೇ ಕಷ್ಟವಾಗುತ್ತದೆ. ಆಸ್ಪತ್ರೆಯಲ್ಲೇ ಕೆಲಸ ಮಾಡುವವರೂ ಇದಕ್ಕೆ ಹೊರತಲ್ಲ.

ಒಡೆದ ಚರ್ಮದಲ್ಲಿ ಸ್ಟೆಫೈಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಸುತ್ತವೆ. ಜೊತೆಗೆ, ಉರಿಯುವ ಕೈಯವರು ಕೈ ಶುಚಿ ಮಾಡಿಕೊಳ್ಳುವುದನ್ನು ತಪ್ಪಿಸತೊಡಗುತ್ತಾರೆ. ಹೀಗಾಗಿ ಇದು ರೋಗಿಯ ಸುರಕ್ಷತೆಯ ವಿಷಯವೂ ಹೌದು. 2020ರ ಆರಂಭದಲ್ಲಿ ಚೀನಾದ ಹುಬೈ ಪ್ರಾಂತ್ಯದ ಕೋವಿಡ್ ವಾರ್ಡುಗಳ ಸಿಬ್ಬಂದಿಯನ್ನು ವಿಚಾರಿಸಿದಾಗ ಸುಮಾರು ಮುಕ್ಕಾಲು ಪಾಲು ಜನ ಕೈಯ ಚರ್ಮ ಕೆಟ್ಟಿದೆ ಎಂದಿದ್ದರು. ಆದರೂ ಬಹಳ ಕಡೆ ತಡೆಗಟ್ಟುವಿಕೆ ಎಂದರೆ ಸಿಂಕಿನ ಮೇಲೊಂದು ಪೋಸ್ಟರ್. ಗ್ಲಿಸರಾಲ್ ಇರುವ ಸ್ಯಾನಿಟೈಸರ್, ಪುಡಿಯಿಲ್ಲದ ಗ್ಲೌಸ್, ವಾರ್ಡಿನಲ್ಲೇ ಕೈಗೆಟಕುವ ಮಾಯಿಶ್ಚರೈಸರ್ ಬಾಟಲಿ, ಇವನ್ನು ತರಿಸಬೇಕಾದುದು ಖರೀದಿ ವಿಭಾಗ; ಬೈಗುಳ ಮಾತ್ರ ದಾದಿಗೆ.

ಜರ್ಮನಿಯಲ್ಲಿ ಚರ್ಮವೈದ್ಯರು ಕಾಯಿಲೆ ಬೇರೂರುವ ಮೊದಲೇ ಅಪಘಾತ ವಿಮಾ ಸಂಸ್ಥೆಗೆ ವರದಿ ಕಳಿಸುವ ಪದ್ಧತಿಯಿದೆ. ಚಿಕಿತ್ಸೆ, ತರಬೇತಿ, ಸರಿಯಾದ ಗ್ಲೌಸಿನ ಖರ್ಚನ್ನು ಸಂಸ್ಥೆಯೇ ಭರಿಸುತ್ತದೆ. ಭಾರತದಲ್ಲಿ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿ ರಾಸಾಯನಿಕಗಳಿಂದ ಬರುವ ಚರ್ಮರೋಗಗಳನ್ನು ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿತ್ತು. ಪರಿಹಾರ ಕೇಳಲು ಕಾಯಿಲೆಗೂ ಕೆಲಸಕ್ಕೂ ಇರುವ ನಂಟನ್ನು ವೈದ್ಯರೊಬ್ಬರು ಬರೆದುಕೊಡಬೇಕು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಷ್ಟೇ ಹೆಸರಿರುವ ಸ್ವಚ್ಛತಾ ಸಿಬ್ಬಂದಿ ಆ ವೈದ್ಯರವರೆಗೆ ತಲುಪುವುದು ಕಡಿಮೆ.