ತಾಯಿತ, ಕವಡೆ, ಕಣಿ: ಅಲೆಮಾರಿ ಸಮುದಾಯಗಳ ಮಾಂತ್ರಿಕ ನಂಬಿಕೆಗಳು
(ತಂಬ್ರಹಳ್ಳಿ ಸೀಮೆಯನ್ನು ಲಕ್ಷದಲ್ಲಿರಿಸಿಕೊಂಡು)

ತಾಯಿತವು ಗಾತ್ರದಲ್ಲಿ ಚಿಕ್ಕದಾದ ವಸ್ತು. ತಾಮ್ರದ ಕೊಳವೆಯಲ್ಲಿ ಸೇರಿಸಿದ ಚೀಟಿ, ಬಟ್ಟೆಯಲ್ಲಿ ಹೊಲಿದ ಬೇರಿನ ತುಂಡು, ಕರಿದಾರಕ್ಕೆ ಪೋಣಿಸಿದ ಕವಡೆ, ಬಜೆಯ ತುಂಡು – ಇವೆಲ್ಲ ಆ ಹೆಸರಿನಲ್ಲಿ ಅಡಕವಾಗುತ್ತವೆ. ಜಾನಪದ ಅಧ್ಯಯನಗಳು ಇಂತಹ ವಸ್ತುಗಳನ್ನು ಸಾಮಾನ್ಯವಾಗಿ ನಂಬಿಕೆ ಎಂಬ ಶೀರ್ಷಿಕೆಯಡಿ ಪಟ್ಟಿ ಮಾಡಿ, ಜೇಮ್ಸ್ ಫ್ರೇಜರ್ ಮುಂದಿಟ್ಟ ಅನುಕರಣ ಮಾಂತ್ರಿಕತೆ ಮತ್ತು ಸಂಪರ್ಕ ಮಾಂತ್ರಿಕತೆಗಳೆಂಬ ವರ್ಗಗಳಲ್ಲಿ ಹಂಚಿಬಿಡುತ್ತವೆ. ಆದರೆ ತಾಯಿತಕ್ಕೆ ಕಟ್ಟಿಕೊಡುವವರೆಂದೂ ಕಟ್ಟಿಸಿಕೊಳ್ಳುವವರೆಂದೂ ಎರಡು ಪಕ್ಷಗಳಿವೆ. ಅನೇಕ ನಾಡುಗಳಲ್ಲಿ ಮೊದಲನೆಯವರು ಅಲೆಮಾರಿಗಳು, ಎರಡನೆಯವರು ನೆಲೆನಿಂತವರು. ಯುರೋಪಿನ ರೋಮಾ ಜನರ ವಿಷಯದಲ್ಲಿ ಕಾಣುವ ಈ ಸಂಬಂಧವು ಕರ್ನಾಟಕದ ಅಲೆಮಾರಿ ಸಮುದಾಯಗಳಲ್ಲಿಯೂ ಕಾಣುತ್ತದೆ. ಈ ಸಂಬಂಧದ ಸ್ವರೂಪವನ್ನೂ ಅದರ ಚಾರಿತ್ರಿಕ ಪರಿಣಾಮಗಳನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾದೇಶಿಕ ಹಿನ್ನೆಲೆ

ತಂಬ್ರಹಳ್ಳಿಯು ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಊರು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಈ ಸೀಮೆಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಮಳೆ ಕಡಿಮೆಯಾದ, ಬರವನ್ನು ಮತ್ತೆ ಮತ್ತೆ ಕಂಡ ಈ ನೆಲದಲ್ಲಿ ಲಂಬಾಣಿ ತಾಂಡಾಗಳು ವಿಪುಲವಾಗಿವೆ. ಕೊರವ ಅಥವಾ ಕೊರಮ, ಬುಡಬುಡಿಕೆ, ಸುಡುಗಾಡು ಸಿದ್ಧ ಮುಂತಾದ ಸಮುದಾಯಗಳವರು ಇಲ್ಲಿಯ ಸುಗ್ಗಿ ಮತ್ತು ಜಾತ್ರೆಗಳ ಕಾಲಗಣನೆಗೆ ಹೊಂದಿಕೊಂಡು ಸಂಚರಿಸುತ್ತ ಬಂದವರು.

ನೆಲೆನಿಂತ ಸಮುದಾಯಗಳ ಧಾರ್ಮಿಕ ಬದುಕಿನಲ್ಲಿಯೂ ರಕ್ಷಾವಸ್ತುಗಳಿಗೆ ಕೊರತೆಯಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ನುಡಿಯುವ ಕಾರಣಿಕವು ವರ್ಷದ ಮಳೆ ಬೆಳೆಯ ಭವಿಷ್ಯವೆಂದು ಸ್ವೀಕೃತವಾಗುತ್ತದೆ. ಅಲ್ಲಿಯ ಭಂಡಾರವನ್ನು ಭಕ್ತರು ಹಣೆಗೆ ಹಚ್ಚಿ ಮನೆಗೆ ಒಯ್ಯುತ್ತಾರೆ. ಎಲ್ಲಮ್ಮನ ಜೋಗತಿಯರ ಕೊರಳಲ್ಲಿ ಕವಡೆಸರವಿದೆ. ಮಕ್ಕಳಿಗೆ ದೃಷ್ಟಿಬೊಟ್ಟು, ಉಡಿದಾರ, ತೊಟ್ಟಿಲ ಕೆಳಗೆ ಕಬ್ಬಿಣದ ತುಂಡು, ಉಪ್ಪು ಮೆಣಸಿನಕಾಯಿಗಳಿಂದ ನಿವಾಳಿಸುವುದು ಎಲ್ಲ ಜಾತಿಗಳಲ್ಲಿಯೂ ಬಳಕೆಯಲ್ಲಿರುವ ಆಚರಣೆಗಳು. ಆದ್ದರಿಂದ ಮಾಂತ್ರಿಕ ನಂಬಿಕೆಯು ಅಲೆಮಾರಿಗಳ ವಿಶೇಷ ಲಕ್ಷಣವೆಂದು ಹೇಳಲು ಆಧಾರವಿಲ್ಲ. ಅವರಿಗೆ ವಿಶೇಷವಾದುದು, ಆ ನಂಬಿಕೆಯ ಸುತ್ತ ನೆಲೆನಿಂತವರೊಡನೆ ಅವರು ಕಟ್ಟಿಕೊಂಡ ವೃತ್ತಿಸಂಬಂಧ.

ತೊಡುಗೆಯಾಗಿ ರಕ್ಷೆ: ಲಂಬಾಣಿಗರು

ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು ಮತ್ತು ಧಾನ್ಯವನ್ನು ಹೇರಿಕೊಂಡು ದೂರ ದೂರದ ಮಾರುಕಟ್ಟೆಗಳಿಗೆ ಸಾಗಿಸುತ್ತಿದ್ದ ಜನ. ದಖ್ಖನಿನ ಮೊಗಲ್ ಸೈನ್ಯಗಳಿಗೂ, 1791–92ರ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಗೂ ಧಾನ್ಯ ಪೂರೈಸಿದವರಲ್ಲಿ ಇವರಿದ್ದರು. ಕಾಡುದಾರಿ, ಕಳ್ಳರ ಭಯ, ಎತ್ತುಗಳಿಗೆ ತಗಲುವ ಜಾಡ್ಯ – ಇವು ಅವರ ಬದುಕಿನ ನಿತ್ಯದ ಆತಂಕಗಳು. ಫಲಿತಾಂಶವು ಅನಿಶ್ಚಿತವಾಗಿರುವಲ್ಲಿ ಮಾಂತ್ರಿಕ ಕ್ರಿಯೆ ಹೆಚ್ಚುತ್ತದೆ ಎಂದು ಮಲಿನೋವ್‌ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರಿಕೆಯನ್ನು ಆಧರಿಸಿ ಪ್ರತಿಪಾದಿಸಿದ್ದನು; ಒಳಗೊಳದ ಮೀನುಗಾರಿಕೆಗೆ ಬೇಡವಾದ ಮಂತ್ರವು ತೆರೆದ ಕಡಲಿಗೆ ಬೇಕಾಗುತ್ತಿತ್ತು. ಲಂಬಾಣಿಗರ ಪಾಲಿಗೆ ದಾರಿಯೇ ಆ ತೆರೆದ ಕಡಲು.

ಇವರ ರಕ್ಷಾವಸ್ತುಗಳು ಪ್ರತ್ಯೇಕ ತಾಯಿತಗಳಾಗಿರುವುದಕ್ಕಿಂತ ಹೆಚ್ಚಾಗಿ ಉಡುಗೆಯಲ್ಲಿಯೇ ಸೇರಿಹೋಗಿವೆ. ಫೇಟಿಯಾ ಮತ್ತು ಕಾಂಚಳಿಗಳಲ್ಲಿ ಹೊಲಿದ ಕನ್ನಡಿಯ ತುಣುಕುಗಳು ಕೆಟ್ಟ ನೋಟವನ್ನು ನೋಡಿದವರತ್ತಲೇ ಹಿಂದಿರುಗಿಸುತ್ತವೆ, ಕಾಡುಮೃಗಗಳನ್ನು ಬೆದರಿಸುತ್ತವೆ ಎಂಬ ನಂಬಿಕೆಯಿದೆ. ಕವಡೆಯು ಮಾಲ್ಡೀವ್ಸ್ ಕಡಲಿನಿಂದ ಬಂದು ಒಂದು ಕಾಲದಲ್ಲಿ ಚಿಲ್ಲರೆ ನಾಣ್ಯವಾಗಿ ಚಲಾವಣೆಯಲ್ಲಿದ್ದ ವಸ್ತು. ಹಣವೂ ಆಗಿದ್ದ, ಆಕಾರದಿಂದ ಕಣ್ಣನ್ನೂ ಸ್ತ್ರೀಯ ಫಲವಂತಿಕೆಯನ್ನೂ ನೆನಪಿಸುವ ಕವಡೆಯು ವ್ಯಾಪಾರಿ ಸಮುದಾಯವೊಂದರ ರಕ್ಷೆಯಾದುದು ಸಹಜ. ಕೂದಲಿಗೆ ಇಳಿಬಿಡುವ ಘೂಗರಿ, ತೋಳಿನ ಬಳಿಯಾಗಳು ಮುತ್ತೈದೆಯ ಗುರುತುಗಳಾಗಿದ್ದು, ಗಂಡನ ಆಯುಷ್ಯದೊಡನೆ ಬೆಸೆದುಕೊಂಡಿವೆ.

ಸಮುದಾಯದ ಮಟ್ಟದ ರಕ್ಷೆಯು ದೈವಗಳಿಗೆ ಸೇರಿದ್ದು. ಮರಿಯಮ್ಮ, ತುಳಜಾ, ಹಿಂಗ್ಲಾ, ಶೀತಳಾ ಮೊದಲಾದ ದೇವಿಯರನ್ನು ಏಳು ಭವಾನಿಯರೆಂದು ಪೂಜಿಸುವರು. ಶೀತಳಾ ಪೂಜೆಯಲ್ಲಿ ಮಕ್ಕಳಷ್ಟೇ ದನಗಳ ಕ್ಷೇಮವೂ ಮುಖ್ಯ. ಸೇವಾಲಾಲರ ಕಥನಗಳಲ್ಲಿಯೂ ದೇವಿ, ದನ ಮತ್ತು ತಾಂಡಾದ ರಕ್ಷಣೆಯ ಆಶಯಗಳು ಹೆಣೆದುಕೊಂಡಿವೆ. ಕೇಡಿನ ಮೂಲವನ್ನು ಗುರುತಿಸುವಾತನು ಭಗತ್. ಆ ಕೇಡಿಗೆ ಮನುಷ್ಯರೂಪ ಕೊಟ್ಟಾಗ ಹುಟ್ಟುವ ಹೆಸರು ಡಾಕಣ್. ಈ ಹೆಸರು ಹೆಣ್ಣಿಗೆ, ಅದರಲ್ಲಿಯೂ ಆಸರೆಯಿಲ್ಲದ ಹೆಣ್ಣಿಗೆ, ಅಂಟಿಕೊಂಡಾಗ ರಕ್ಷೆಯ ನಂಬಿಕೆಯೇ ಹಿಂಸೆಯ ಸಾಧನವಾಗಿ ಪರಿಣಮಿಸುತ್ತದೆ ಎಂಬುದನ್ನು ಮರೆಮಾಚಲಾಗದು.

ವೃತ್ತಿಯಾಗಿ ರಕ್ಷೆ: ಕಣಿ ಮತ್ತು ಮದ್ದು

ಲಂಬಾಣಿಗರು ತಮಗಾಗಿ ರಕ್ಷೆ ತೊಟ್ಟವರಾದರೆ, ಉಳಿದ ಅಲೆಮಾರಿಗಳಲ್ಲಿ ಹಲವರು ಅದನ್ನು ಊರಿಗೆ ಒದಗಿಸಿದವರು. ಕೊರವಂಜಿಯು ಬುಟ್ಟಿ ಹೊತ್ತು ಬಂದು ಅಂಗೈ ನೋಡಿ ಕಣಿ ಹೇಳುತ್ತಿದ್ದಳು, ಹಚ್ಚೆ ಹಾಕುತ್ತಿದ್ದಳು. ಬುಡಬುಡಿಕೆಯವನು ಬೆಳಗಿನ ಜಾವ ಹಾಲಕ್ಕಿಯ ನುಡಿಯನ್ನು ಆಲಿಸಿ ಬಂದವನಂತೆ ಮನೆಯ ಮುಂದೆ ನಿಂತು ಶಕುನ ಹೇಳಿ ತಾಯಿತ ಕೊಡುವನು. ಸುಡುಗಾಡು ಸಿದ್ಧರು ಕಣ್ಕಟ್ಟಿನ ಆಟದೊಡನೆ ಗಿಡಮೂಲಿಕೆಯ ಮದ್ದನ್ನೂ ಅಂತ್ರವನ್ನೂ ಕೊಡುವವರು. ಹಕ್ಕಿಪಿಕ್ಕಿಗಳು ಗಿಡಮೂಲಿಕೆಯ ಎಣ್ಣೆ ಮತ್ತು ಔಷಧಗಳನ್ನು ಮಾರುತ್ತ ಆಫ್ರಿಕಾ ಖಂಡದವರೆಗೂ ಸಂಚರಿಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನ ಅಂತರ್ಯುದ್ಧದಲ್ಲಿ ಅವರು ಸಿಲುಕಿಕೊಂಡಾಗ ಮಾತ್ರ ನಾಡು ಇದನ್ನು ಗಮನಿಸಿತು.

ಈ ವೃತ್ತಿಗಾರರ ಬಗ್ಗೆ ಊರಿನ ಮನೋಭಾವವು ಇಬ್ಬಗೆಯದು. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ಸಾಕ್ಷಾತ್ ದೇವರೇ ಕೊರವಂಜಿಯ ವೇಷದಲ್ಲಿ ಆಕಾಶರಾಜನ ಅರಮನೆಗೆ ಬಂದು ಕಣಿ ಹೇಳುತ್ತಾನೆ. ನಿಜವಾದ ಕೊರವಂಜಿಯಾದರೋ ಅಂಗಳ ದಾಟಿ ಒಳಗೆ ಬರುವಂತಿರಲಿಲ್ಲ. ಊರಿಗೆ ಸೇರದವರಾದುದರಿಂದಲೇ ಅವರ ಮಾತಿಗೆ ಬೆಲೆ. ಊರಿಗೆ ಸೇರದವರಾದುದರಿಂದಲೇ ಅವರ ಮೇಲೆ ಅನುಮಾನ. ಕನ್ನಡದ ‘ಮದ್ದು’ ಎಂಬ ಪದವೇ ಈ ಇಬ್ಬಂದಿತನವನ್ನು ಹೊತ್ತಿದೆ: ಮದ್ದು ಕೊಡುವುದು ಚಿಕಿತ್ಸೆ, ಮದ್ದು ಹಾಕುವುದು ಮಾಟ.

ರೋಮಾ ಜಾನಪದದ ಹೋಲಿಕೆಗಳು

ರೋಮಾನಿ ಭಾಷೆಯು ಭಾರತೀಯ ಮೂಲದ್ದೆಂಬುದನ್ನು ಜರ್ಮನಿಯ ವಿದ್ವಾಂಸ ರೂಡಿಗರ್ 1782ರಲ್ಲಿಯೇ ಪ್ರಕಟಿಸಿದ್ದನು. ಅದರ ಮಾಂತ್ರಿಕ ಪರಿಭಾಷೆಯ ಕೆಲವು ಪದಗಳು ಇಲ್ಲಿ ಗಮನಾರ್ಹ. ಅಲ್ಲಿ ಕಣ್ಣಿಗೆ ‘ಯಖ್’ ಎಂಬ ಪದವಿದ್ದು, ಅದು ಸಂಸ್ಕೃತದ ‘ಅಕ್ಷಿ’ಯಿಂದ ಬಂದುದು. ಶಿಲುಬೆಗೆ ಬಳಸುವ ‘ತ್ರುಶುಲ್’ ಎಂಬುದು ‘ತ್ರಿಶೂಲ’. ‘ದ್ರಬ್’ ಎಂಬುದು ‘ದ್ರವ್ಯ’ದಿಂದ ಬಂದು ಮೂಲಿಕೆ, ಔಷಧ ಎಂಬ ಅರ್ಥಗಳನ್ನು ಪಡೆದಿದೆ, ಇದರಿಂದಲೇ ಸಾಧಿತವಾದ ‘ದ್ರಬಾರ್ನಿ’ ಎಂಬುದು ಮದ್ದು ಕೊಡುವ, ಭವಿಷ್ಯ ನುಡಿಯುವ ಹೆಣ್ಣಿನ ಹೆಸರು. ಚಿಕಿತ್ಸೆ ಮತ್ತು ಕಣಿ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಡುವ ಈ ಬಳಕೆಯನ್ನು ಕನ್ನಡದ ಮದ್ದಿನೊಡನೆ ಹೋಲಿಸಬಹುದು. ಆದರೆ ಅದೃಷ್ಟವನ್ನು ಸೂಚಿಸುವ ‘ಬಖ್ತ್’ ಪಾರಸಿ ಮೂಲದ್ದು. ಸತ್ತವರ ಪ್ರೇತವನ್ನು ‘ಮುಲೋ’ ಎನ್ನುವರು. ಅದರ ಭಯದಿಂದಾಗಿ ಸತ್ತವರ ಸ್ವತ್ತನ್ನು ಸುಡುವ ಪದ್ಧತಿ ಕೆಲವು ಗುಂಪುಗಳಲ್ಲಿತ್ತು. ಹೀಗೆ ಅವರ ನಂಬಿಕೆಗಳ ಲೋಕವು ಪಾರಸ, ಆರ್ಮೇನಿಯ, ಗ್ರೀಕ್ ನೆಲಗಳ ಮೂಲಕ ಸಾಗುವಾಗ ಪದರ ಪದರವಾಗಿ ಬೆಳೆದುದು.

ಲಂಬಾಣಿಗರೇ ರೋಮಾಗಳ ನೇರ ಬಂಧುಗಳೆಂಬ ಜನಪ್ರಿಯ ಅಭಿಪ್ರಾಯವನ್ನು ಇಲ್ಲಿ ವಿಮರ್ಶಿಸಬೇಕಾಗುತ್ತದೆ. ಕನ್ನಡಿ, ನಾಣ್ಯ, ಬಣ್ಣದ ಉಡುಗೆಗಳ ಸಾಮ್ಯವನ್ನು ಈ ವಾದಕ್ಕೆ ಆಧಾರವಾಗಿ ಕೊಡಲಾಗುತ್ತದೆ. ಗೋರ್ ಬೋಲಿಯು ರಾಜಸ್ಥಾನಿ ಬಳಗಕ್ಕೆ ಸೇರಿದ ಭಾಷೆ. ರೋಮಾನಿಯನ್ನು ನುಡಿಯುವವರ ಪೂರ್ವಜರು ಭಾರತವನ್ನು ಬಿಟ್ಟದ್ದು ಈಗಿನ ರಾಜಸ್ಥಾನಿ ಭಾಷೆಗಳು ರೂಪುಗೊಳ್ಳುವುದಕ್ಕೂ ಮುಂಚೆ. ಆದುದರಿಂದ ಉಡುಗೆಯ ಸಾಮ್ಯವೊಂದರಿಂದಲೇ ರಕ್ತಸಂಬಂಧವನ್ನು ಊಹಿಸುವುದು ಶಾಸ್ತ್ರೀಯವೆನಿಸದು. ಹೋಲಿಕೆಯ ಹೆಚ್ಚು ಗಟ್ಟಿಯಾದ ನೆಲೆಯು ಸಾಮಾಜಿಕ ರಚನೆಯಲ್ಲಿದೆ. ರೋಮಾಗಳು ಹೊರಗಿನವರನ್ನು ‘ಗಾಜೊ’ ಎಂದು ಬೇರ್ಪಡಿಸುವಂತೆ ಲಂಬಾಣಿಗರು ತಮ್ಮನ್ನು ‘ಗೋರ್’ ಎಂದೂ ಅನ್ಯರನ್ನು ‘ಕೋರ್’ ಎಂದೂ ಕರೆಯುತ್ತಾರೆ. ಇಂಗ್ಲೆಂಡಿನ ಜಿಪ್ಸಿಗಳನ್ನು ಕುರಿತ 1983ರ ಗ್ರಂಥದಲ್ಲಿ ಮಾನವಶಾಸ್ತ್ರಜ್ಞೆ ಜೂಡಿತ್ ಓಕ್ಲಿ, ಅವರು ಭವಿಷ್ಯ ಹೇಳುವುದು ಹೊರಗಿನವರಿಗೇ ಹೊರತು ತಮ್ಮವರಿಗಲ್ಲ ಎಂಬುದನ್ನು ತೋರಿಸಿದ್ದಾರೆ. ಅಲ್ಲಿ ಕಣಿಯು ನಂಬಿಕೆಯಷ್ಟೇ ಅಲ್ಲ, ಎರಡು ಸಮಾಜಗಳ ನಡುವಣ ವಹಿವಾಟು.

ದಾಖಲೆಯಿಂದ ಅಪರಾಧಕ್ಕೆ

ಈ ವಹಿವಾಟನ್ನು ಬರವಣಿಗೆಯಲ್ಲಿ ದಾಖಲಿಸಿದವರು ಬಹುಮಟ್ಟಿಗೆ ಒಂದು ಪಕ್ಷದವರೇ. ಇಂಗ್ಲೆಂಡಿನ 1530ರ ಶಾಸನವು ‘ಈಜಿಪ್ಷಿಯನ್’ ಎಂದು ಕರೆದ ರೋಮಾಗಳ ಹಸ್ತಸಾಮುದ್ರಿಕವನ್ನು ವಂಚನೆಯೆಂದು ಹೆಸರಿಸಿ ಅವರನ್ನು ದೇಶದಿಂದ ಹೊರಹಾಕಲು ಆಜ್ಞಾಪಿಸಿತು. 1824ರ ಅಲೆಮಾರಿತನ ಕಾಯಿದೆಯು ಭವಿಷ್ಯ ಹೇಳುವವರನ್ನು ಶಿಕ್ಷಾರ್ಹರನ್ನಾಗಿಸಿತು. 1891ರಲ್ಲಿ ಚಾರ್ಲ್ಸ್ ಲೀಲ್ಯಾಂಡ್ ಪ್ರಕಟಿಸಿದ ಜಿಪ್ಸಿ ಮಾಂತ್ರಿಕತೆಯ ಗ್ರಂಥವು ವಿಪುಲ ಸಾಮಗ್ರಿಯನ್ನು ಕೂಡಿಸಿದರೂ, ಅಲೆಮಾರಿಯೆಂದರೆ ಮಾಂತ್ರಿಕನೆಂಬ ಚಿತ್ರವನ್ನು ಇನ್ನಷ್ಟು ಗಟ್ಟಿಗೊಳಿಸಿತು.

ಭಾರತದಲ್ಲಿ ಇದೇ ಕ್ರಮ ಪುನರಾವರ್ತನೆಗೊಂಡಿತು. ಪಾದ್ರಿ ಅಬೆ ದುಬಾಯ್ ಲಂಬಾಣಿಗರ ಮೇಲೆ ಮಾಟ ಮತ್ತು ನರಬಲಿಯ ಆರೋಪಗಳನ್ನು ಬರೆದಿಟ್ಟನು. ಥರ್ಸ್ಟನ್ನನ 1909ರ ಏಳು ಸಂಪುಟಗಳಲ್ಲಿ ಇಂತಹ ಹಳೆಯ ಬರಹಗಳು ಮತ್ತೆ ಸ್ಥಾನ ಪಡೆದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗಗಳು ಎತ್ತಿನ ಹೇರಿನ ವ್ಯಾಪಾರವನ್ನು ಕುಗ್ಗಿಸಿದವು. 1876–78ರ ಭೀಕರ ಬರವು ಬಳ್ಳಾರಿ ಸೀಮೆಯನ್ನು ನಲುಗಿಸಿತು. ಜೀವನೋಪಾಯ ಕಳೆದುಕೊಂಡು ಅಲೆದವರನ್ನು ಕಾನೂನು ಸಂಶಯದಿಂದ ನೋಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರ ತಿದ್ದುಪಡಿಯ ಮೂಲಕ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. ಕೊರವರು ಮತ್ತು ಲಂಬಾಣಿಗರ ಕೆಲವು ಗುಂಪುಗಳು ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟಿಗೆ ಸೇರಿದವು. ದೇಶದಾದ್ಯಂತ ಈ ಕಾಯಿದೆ ರದ್ದಾದುದು 1952ರಲ್ಲಿ. ನಡುರಾತ್ರಿ ಸಂಚರಿಸುವವನು, ಅಂಗಳಕ್ಕೆ ಬಂದು ಮನೆಯ ಸಂಗತಿ ಹೇಳುವವಳು – ಊರು ಯಾವ ಗುಣಕ್ಕಾಗಿ ಅವರನ್ನು ಕರೆಯುತ್ತಿತ್ತೋ, ಪೊಲೀಸರ ಸಂಶಯಕ್ಕೆ ಅದೇ ಕಾರಣವಾಯಿತು.

ಇಂದಿನ ಸ್ಥಿತಿ

ಈ ವಸ್ತುಗಳು ಇಂದು ಬೇರೊಂದು ಮೌಲ್ಯವನ್ನು ಪಡೆದಿವೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ದೃಷ್ಟಿ ನಿವಾರಿಸಲು ಹೊಲಿದ ಕನ್ನಡಿಯು ನೋಟವನ್ನು ಸೆಳೆಯುವ ಅಲಂಕಾರವಾಗಿದೆ. ಇದು ಆ ಹೆಣ್ಣುಮಕ್ಕಳ ದುಡಿಮೆಗೆ ಸಂದ ಗೌರವವೇ ಸರಿ. ಆದರೆ ವಸ್ತುವಿಗೆ ಸಂದ ಗೌರವವು ಅದನ್ನು ತೊಟ್ಟವರ ಚರಿತ್ರೆಯನ್ನು ಅಳಿಸಬಾರದು.

ಇನ್ನೊಂದೆಡೆ, 2017ರಲ್ಲಿ ಅಂಗೀಕಾರಗೊಂಡು 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯಿದೆಯಿದೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಪ್ಪಿಸಿ ಮಂತ್ರ, ಗಂಡೆದಾರಗಳನ್ನು ಕೊಡುವುದನ್ನು ಅದು ನಿಷೇಧಿಸುತ್ತದೆ. ಇಲ್ಲಿ ಗಮನಿಸಬೇಕಾದ ವಿವೇಕವೆಂದರೆ, ಕಾನೂನಿನ ಗುರಿಯು ದಾರವಲ್ಲ, ದಾರದ ಹೆಸರಿನಲ್ಲಿ ನಡೆಯುವ ಹಾನಿ. ಜಾನಪದ ಅಧ್ಯಯನವೂ ಇದೇ ವಿವೇಕವನ್ನು ರೂಢಿಸಿಕೊಳ್ಳಬೇಕಾಗಿದೆ. ಕೂಸಿನ ಕೊರಳಿಗೆ ತಾಯಿ ಕಟ್ಟಿದ ಕವಡೆಯನ್ನೂ, ಅಬಲೆಯೊಬ್ಬಳ ಮೇಲೆ ಹೊರಿಸಿದ ಡಾಕಣ್ ಎಂಬ ಹೆಸರನ್ನೂ ಮೂಢನಂಬಿಕೆ ಎಂಬ ಒಂದೇ ಶೀರ್ಷಿಕೆಯಡಿ ತರುವುದರಿಂದ ಎರಡರ ಅರ್ಥವೂ ಕೆಡುತ್ತದೆ. ಮೊದಲನೆಯದು ಆತಂಕಕ್ಕೆ ಮನುಷ್ಯ ಕಂಡುಕೊಂಡ ಸಾಂತ್ವನ. ಎರಡನೆಯದು ಆ ಆತಂಕವನ್ನು ದುರ್ಬಲರ ಮೇಲೆ ಇಳಿಸುವ ಕ್ರೌರ್ಯ. ವಸಾಹತು ಆಡಳಿತವು ಇಡೀ ಸಮುದಾಯಗಳ ಮೇಲೆ ಹೊರಿಸಿದ ಅಪರಾಧದ ಹೆಸರು ಕೂಡ ಈ ಎರಡನೆಯ ಬಗೆಯದೇ.

ಆದ್ದರಿಂದ ರಕ್ಷಾವಸ್ತುಗಳ ಸಂಗ್ರಹಕಾರ್ಯವು ವಸ್ತು, ಬಣ್ಣ, ಉಪಯೋಗಗಳ ವಿವರಣೆಗೇ ನಿಲ್ಲದೆ, ಅದನ್ನು ಯಾರು ಯಾರಿಗೆ ಕೊಟ್ಟರು, ಪ್ರತಿಯಾಗಿ ಏನನ್ನು ಪಡೆದರು, ಕೇಡಾದಾಗ ಯಾರನ್ನು ಹೊಣೆಯಾಗಿಸಲಾಯಿತು ಎಂಬುದನ್ನೂ ದಾಖಲಿಸಬೇಕು. ತಂಬ್ರಹಳ್ಳಿ ಸೀಮೆಯ ತಾಂಡಾ ಮತ್ತು ಅಲೆಮಾರಿ ಕೇರಿಗಳ ಹಿರಿಯರ ನೆನಪುಗಳು ಇಂತಹ ದಾಖಲಾತಿಗೆ ಮುಖ್ಯ ಆಕರಗಳು. ಇದುವರೆಗಿನ ಬರವಣಿಗೆಯಲ್ಲಿ ವಿವರಣೆಗೆ ಒಳಗಾದವರೇ ಆಗ ವಿವರಿಸುವವರಾಗುತ್ತಾರೆ.