ಋತುಬಂಧದ ನಂತರದ ಮಾನಸಿಕ ಆರೋಗ್ಯ

ಅಂಡಾಶಯಗಳ ಕೆಲಸ ಮುಗಿದು ಮುಟ್ಟು ಶಾಶ್ವತವಾಗಿ ನಿಲ್ಲುವುದೇ ಋತುಬಂಧ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧವಾಗಿದೆ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಇದು ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಆಗುತ್ತದೆ. ಭಾರತದಲ್ಲಿ ಸರಾಸರಿ 46–47 ವರ್ಷ. ಶಸ್ತ್ರಚಿಕಿತ್ಸೆ ಮಾಡಿ ಎರಡೂ ಅಂಡಾಶಯಗಳನ್ನು ತೆಗೆದರೆ ಅದಕ್ಕೂ ಮೊದಲೇ, ಒಮ್ಮೆಲೇ ಋತುಬಂಧವಾಗುತ್ತದೆ. ಋತುಬಂಧ ಕಾಯಿಲೆಯಲ್ಲ, ಮನೋರೋಗವಂತೂ ಅಲ್ಲ. ಆದರೂ ಈ ಕಾಲದಲ್ಲಿ ಬೇಸರ, ಸಿಡುಕು, ಆತಂಕ, ಮರೆವು ಅನೇಕರನ್ನು ಕಾಡುತ್ತವೆ.

ಹಾರ್ಮೋನುಗಳ ಪಾತ್ರ

ಅಂಡಾಶಯ ಸ್ರವಿಸುವ ಮುಖ್ಯ ಈಸ್ಟ್ರೋಜನ್ ಎಂದರೆ ಎಸ್ಟ್ರಡಯೋಲ್. ಋತುಬಂಧದ ನಂತರ ಇದು ತೀರಾ ಇಳಿದು, ಬಹುಪಾಲು ಕೊಬ್ಬಿನ ಅಂಗಾಂಶದಲ್ಲಿ ತಯಾರಾಗುವ ದುರ್ಬಲವಾದ ಎಸ್ಟ್ರೋನ್ ಮುಖ್ಯವಾಗುತ್ತದೆ. ಈಸ್ಟ್ರೋಜನ್ ಮಿದುಳಿನಲ್ಲಿ ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ವ್ಯವಸ್ಥೆಯ ಮೇಲೂ ಪ್ರಭಾವ ಬೀರುತ್ತದೆ. ಪ್ರೊಜೆಸ್ಟರಾನ್‌ನಿಂದ ಹುಟ್ಟುವ ಅಲೊಪ್ರೆಗ್ನನೊಲೋನ್ ಎಂಬ ವಸ್ತು ಮನಸ್ಸನ್ನು ಶಾಂತವಾಗಿಡಲು ನೆರವಾಗುತ್ತದೆ, ಅದೂ ಕಡಿಮೆಯಾಗುತ್ತದೆ.

ಖಿನ್ನತೆಯ ಸಾಧ್ಯತೆ ಹೆಚ್ಚುವುದು ಮುಟ್ಟು ಏರುಪೇರಾಗುವ ವರ್ಷಗಳಲ್ಲಿ ಮತ್ತು ನಿಂತ ಹೊಸತರಲ್ಲಿ. ಹಾರ್ಮೋನುಗಳು ಕೆಳಮಟ್ಟದಲ್ಲೇ ಸ್ಥಿರವಾದ ಮೇಲೆ ಹಲವರಲ್ಲಿ ಅದು ತಗ್ಗುತ್ತದೆ. ಹಿಂದೆ ಖಿನ್ನತೆ ಅನುಭವಿಸಿದವರಲ್ಲಿ, ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರಲ್ಲಿ ಮರುಕಳಿಸುವ ಸಂಭವ ಹೆಚ್ಚು.

ನಿದ್ದೆಗೇಡು ಇನ್ನೊಂದು ಕಾರಣ. ಈ ಕಾಲದಲ್ಲಿ ಅನೇಕರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಕುತ್ತಿಗೆಗೆ, ಮುಖಕ್ಕೆ ಬಿಸಿ ಏರುತ್ತದೆ. ಕೆಲವು ನಿಮಿಷ ಬೆವರು ಕಿತ್ತುಬಂದು, ಆಮೇಲೆ ಚಳಿಯಾಗುತ್ತದೆ. ರಾತ್ರಿಯಲ್ಲಿ ಹೀಗೆ ಹಲವು ಬಾರಿ ಎಚ್ಚರವಾದವರಿಗೆ ಹಗಲಿನಲ್ಲಿ ಆಯಾಸ, ಸಿಡಿಮಿಡಿ, ಗಮನ ತಪ್ಪುವುದು ಸಹಜ.

ವಿಟಮಿನ್ ಕೊರತೆ

ವಿಟಮಿನ್ ಬಿ12 ಕೊರತೆಯಿಂದ ಮರೆವು, ಖಿನ್ನತೆ, ಕೈಕಾಲು ಜೋಮು ಬರಬಹುದು. ಇವನ್ನು ವಯಸ್ಸಿನ ತಲೆಗೋ ಋತುಬಂಧದ ತಲೆಗೋ ಕಟ್ಟಿ ಸುಮ್ಮನಾಗುವುದುಂಟು. ಸಸ್ಯಾಹಾರಿಗಳಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಕೊರತೆ ಹೆಚ್ಚು. ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ ಬಿ12 ಇದೆ. ಇಡ್ಲಿ, ದೋಸೆಯ ಹಿಟ್ಟು ಹುಳಿ ಬಂದರೂ ಅದನ್ನೇ ನಂಬುವಂತಿಲ್ಲ.

ವಿಟಮಿನ್ ಡಿ ಮೂಳೆಗೆ ಅಗತ್ಯ. ಬಿಸಿಲಿನ ನಾಡಾದ ಭಾರತದಲ್ಲೂ ಇದರ ಕೊರತೆ ವ್ಯಾಪಕ. ಕೊರತೆಗೂ ಖಿನ್ನತೆಗೂ ನಂಟು ಕಂಡುಬಂದಿದೆ, ಆದರೆ ಮಾತ್ರೆ ಖಿನ್ನತೆಯನ್ನು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. 50 ದಾಟಿದ 18,000ಕ್ಕೂ ಹೆಚ್ಚು ಮಂದಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ3 ಅಥವಾ ಹುಸಿಮಾತ್ರೆ ಕೊಟ್ಟು ಅಮೆರಿಕದಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎರಡು ಗುಂಪುಗಳ ನಡುವೆ ಖಿನ್ನತೆಯ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ.

ತಪಾಸಣೆ ಮತ್ತು ಚಿಕಿತ್ಸೆ

ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಾಗಲೂ ಸುಸ್ತು, ತೂಕ ಹೆಚ್ಚಳ, ಮಂಕುತನ ಕಾಣುವುದರಿಂದ ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳು ಉಪಯುಕ್ತ. ಕೊರತೆ ಇದ್ದರೆ ಅದನ್ನು ತುಂಬಬೇಕು.

ಹಾರ್ಮೋನು ಚಿಕಿತ್ಸೆ ಮೈ ಬಿಸಿಯೇರುವುದಕ್ಕೆ ಅತ್ಯಂತ ಪರಿಣಾಮಕಾರಿ. ನಿದ್ದೆ ಸುಧಾರಿಸಿ ಮನಸ್ಸೂ ಹಗುರಾಗಬಹುದು. ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟಿನ್ ಪಡೆದವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದ್ದರಿಂದ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದ ಆ ಭಾಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಅದರಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63. ಋತುಬಂಧವಾಗಿ 10 ವರ್ಷದೊಳಗಿನ, 60 ದಾಟದ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು ಎಂಬುದು ಈಗಿನ ತಜ್ಞರ ನಿಲುವು. ಸ್ತನ ಕ್ಯಾನ್ಸರ್ ಬಂದವರಿಗೆ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಖಿನ್ನತೆಗೆ ಮೊದಲ ಚಿಕಿತ್ಸೆ ಆಪ್ತಸಮಾಲೋಚನೆ ಮತ್ತು ಖಿನ್ನತೆನಿವಾರಕ ಔಷಧಗಳೇ. ನಡಿಗೆ, ವ್ಯಾಯಾಮವೂ ನೆರವಾಗುತ್ತವೆ. ಎರಡು ವಾರಕ್ಕೂ ಮೀರಿ ಬೇಸರ ಬಿಡದಿದ್ದರೆ, ಸಾಯುವ ಯೋಚನೆ ಬಂದರಂತೂ ತಕ್ಷಣ, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸಂಸ್ಥೆ. 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.